ಹೊರದೇಶಕ್ಕೆ ಹೊರಟವರ ಇಂಗ್ಲಿಷ್: ಕಡೂರು, ತರೀಕೆರೆ, ಅಜ್ಜಂಪುರದ ಕಲಿಯುವವರಿಗೆ

ತೀವ್ರ ಕಲಿಕೆ ಎಂದರೆ

ವಿದೇಶದಲ್ಲಿ ಓದಲು ಅಥವಾ ಕೆಲಸಕ್ಕೆ ಸೇರಲು ಹೊರಟವರು ಬೇರೆ ವಿಷಯಗಳ ಗೊಡವೆಯಿಲ್ಲದೆ, ಕೆಲವು ತಿಂಗಳು ಇಂಗ್ಲಿಷ್ ಒಂದನ್ನೇ ಹಿಡಿದು ಕಲಿಯುವುದುಂಟು. ಇದಕ್ಕೆ ಇಂಟೆನ್ಸಿವ್ ಕೋರ್ಸ್ ಎಂಬ ಹೆಸರು. ಅಮೆರಿಕದಲ್ಲಿ ಇಂಥ ಮೊದಲ ಸಂಸ್ಥೆಯನ್ನು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ ಚಾರ್ಲ್ಸ್ ಫ್ರೈಸ್ ಕಟ್ಟಿದರು. ಈಗ ಅಮೆರಿಕಕ್ಕೆ ಭಾಷೆ ಕಲಿಯಲೆಂದೇ ವಿದ್ಯಾರ್ಥಿ ವೀಸಾದಲ್ಲಿ ಹೋದವರು ವಾರಕ್ಕೆ ಕನಿಷ್ಠ 18 ಗಂಟೆ ತರಗತಿಯಲ್ಲಿ ಕೂರಬೇಕು. ಆಸ್ಟ್ರೇಲಿಯದಲ್ಲಿ 20 ಗಂಟೆ.

ಇದು ಪಶ್ಚಿಮದ ದೇಶಗಳಿಗೆ ಮಾತ್ರ ಸೇರಿದ ವ್ಯವಸ್ಥೆಯಲ್ಲ. 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಎಂದು ಶುರುವಾಗಿ ಇಂದು ಇಫ್ಲು ಆಗಿರುವ ಹೈದರಾಬಾದಿನ ವಿಶ್ವವಿದ್ಯಾಲಯಕ್ಕೆ ಏಷ್ಯಾ, ಆಫ್ರಿಕಾದ ಅಧಿಕಾರಿಗಳೂ ವೃತ್ತಿನಿರತರೂ ಇಂಗ್ಲಿಷ್ ಕಲಿಯಲು ಬರುತ್ತಾರೆ.

ಗಂಟೆಗಳ ಲೆಕ್ಕ

ಯುರೋಪಿನ ಮಾನದಂಡ ಭಾಷೆಯ ಹಿಡಿತವನ್ನು ಎ1ರಿಂದ ಸಿ2ವರೆಗೆ ಆರು ಹಂತ ಮಾಡಿದೆ. ಕೇಂಬ್ರಿಜ್‌ನವರ ಅಂದಾಜಿನಂತೆ ಶೂನ್ಯದಿಂದ ಬಿ1 ಮುಟ್ಟಲು 350ರಿಂದ 400 ಗಂಟೆ, ಬಿ2ಗೆ 500ರಿಂದ 600, ಸಿ1ಕ್ಕೆ 700ರಿಂದ 800 ಗಂಟೆಯ ಕಲಿಕೆ ಬೇಕು. ಅಂದರೆ ಒಂದು ಹಂತ ಏರಲು ಸರಿಸುಮಾರು 200 ಗಂಟೆ. ದಿನಕ್ಕೆ ಆರು ಗಂಟೆಯಂತೆ ತಿಂಗಳಿಡೀ ಒಂದು ದಿನವೂ ಬಿಡದೆ ಕೂತರೆ 180 ಗಂಟೆ. ಒಂದು ಹಂತಕ್ಕೂ ಅದು ಸಾಲದು. ದಿನಕ್ಕೊಂದು ಗಂಟೆ ಪಾಠ ಹೇಳಿ ಮೂವತ್ತು ದಿನದಲ್ಲಿ ಅರಳು ಹುರಿದಂತೆ ಇಂಗ್ಲಿಷ್ ಮಾತಾಡಿಸುತ್ತೇವೆ ಎನ್ನುವ ಬೋರ್ಡು ಕಂಡಾಗ ಈ ಲೆಕ್ಕ ನೆನಪಿರಲಿ. ಹೊಲ ಅಡವಿಟ್ಟು ಶುಲ್ಕ ಕಟ್ಟುವ ಮನೆಯವರಿಗೆ ಇದು ಗೊತ್ತಾಗಲೇಬೇಕು.

ಶಾಲೆಯಿಂದ ಬಂದ ಬಂಡವಾಳ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಹಾಗಾಗಿ ಕಡೂರಿನ ಕನ್ನಡ ಮಾಧ್ಯಮದ ಹುಡುಗಿ ಪದವಿ ಮುಗಿಸುವಾಗ ಬರಿಗೈಯಲ್ಲೇನೂ ಇರುವುದಿಲ್ಲ. ಓದಿದರೆ ಅರ್ಥವಾಗುತ್ತದೆ, ಪದಗಳು ಗೊತ್ತಿರುತ್ತವೆ, ವ್ಯಾಕರಣದ ಪ್ರಶ್ನೆಗೆ ಉತ್ತರ ಬರೆಯುತ್ತಾಳೆ. ಆದರೆ ಕಿವಿಗೂ ಬಾಯಿಗೂ ಅಭ್ಯಾಸ ಸಿಕ್ಕಿರುವುದು ತೀರಾ ಕಡಿಮೆ. ತೀವ್ರ ಕಲಿಕೆಯ ಹೆಚ್ಚಿನ ಹೊತ್ತು ಈ ಎರಡಕ್ಕೇ ಮೀಸಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗೊತ್ತಿರುವ ವ್ಯಾಕರಣವನ್ನೇ ಮತ್ತೆ ಮತ್ತೆ ಬರೆಸುವ ಕೋಚಿಂಗ್‌ನಲ್ಲಿ ಆ ಹೊತ್ತು ಪೋಲಾಗುತ್ತದೆ.

ಕನ್ನಡದ ನಾಲಿಗೆ, ಇಂಗ್ಲಿಷಿನ ಲಯ

ನಮ್ಮಲ್ಲಿ ದ್ರಾಕ್ಷಿಯ ಬಳ್ಳಿಯೂ ‘ವೈನ್’, ಅದರಿಂದ ಇಳಿಸಿದ ಮದ್ಯವೂ ‘ವೈನ್’. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು, ಎರಡನೆಯದಕ್ಕೆ ಹಲ್ಲು ತಾಗದೆ ತುಟಿ ದುಂಡಗಾಗಬೇಕು. ‘ಎಗ್’ ನಮ್ಮ ಬಾಯಲ್ಲಿ ‘ಯೆಗ್ಗು’ ಆಗುತ್ತದೆ: ಮೊದಲಿಗೊಂದು ಯಕಾರ, ಕೊನೆಗೊಂದು ಉಕಾರ. ಇವನ್ನು ಕನ್ನಡಿಯ ಮುಂದೆ ನಿಂತು ಕೆಲವು ವಾರಗಳಲ್ಲಿ ತಿದ್ದಿಕೊಳ್ಳಬಹುದು.

ಕಷ್ಟದ್ದು ಒತ್ತು. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಭಾಗಕ್ಕೆ ಬೀಳುತ್ತದೆ, ‘ಫೋಟೋಗ್ರಫಿ’ಯಲ್ಲಿ ಎರಡನೆಯದಕ್ಕೆ. ಒತ್ತು ಬೀಳದ ಸ್ವರಗಳು ಮಾಸಿಹೋಗುತ್ತವೆ. ನಾವು ಬಿಡಿಬಿಡಿಯಾಗಿ ಹೇಳುವ ‘ಕಂಫರ್ಟೆಬಲ್’ ಇಂಗ್ಲಿಷ್ ಮಾತೃಭಾಷೆಯವರ ಬಾಯಲ್ಲಿ ‘ಕಂಫ್ಟಬ್ಲ್’. ಪ್ರತಿ ಅಕ್ಷರವನ್ನೂ ಪೂರ್ತಿ ಉಚ್ಚರಿಸುವ ಕನ್ನಡಕ್ಕೆ ಒಗ್ಗಿದ ಕಿವಿಗೆ ಅರ್ಧ ಪದಗಳೇ ಮಾಯವಾದಂತೆ ಕೇಳಿಸುತ್ತದೆ. ಇದನ್ನು ‘ಅವರು ಬಹಳ ಫಾಸ್ಟು’ ಎನ್ನುತ್ತೇವೆ. ಕಿವಿ ಪಳಗಬೇಕಾದರೆ ಐದು ನಿಮಿಷದ ಒಂದೇ ಧ್ವನಿಮುದ್ರಣವನ್ನು ಮೊದಲು ಬರಿಗಿವಿಯಲ್ಲಿ, ಆಮೇಲೆ ಬರಹ ನೋಡುತ್ತ, ಕೊನೆಗೆ ಜತೆಜತೆಗೇ ಹೇಳುತ್ತ ಕೇಳಬೇಕು. ಹೊಸ ಹೊಸ ವಿಡಿಯೋಗಳನ್ನು ಸುಮ್ಮನೆ ನೋಡುತ್ತ ಹೋಗುವುದಕ್ಕಿಂತ ಇದರಿಂದ ಆಗುವ ಲಾಭ ದೊಡ್ಡದು.

ಪರೀಕ್ಷೆಗಳು

1989ರಿಂದ ನಡೆಯುತ್ತಿರುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಅಂಕಕ್ಕೆ ಬದಲು 9ರವರೆಗಿನ ಬ್ಯಾಂಡ್. ವಿಶ್ವವಿದ್ಯಾಲಯಕ್ಕೆ ಅಕಾಡೆಮಿಕ್, ವಲಸೆಗೆ ಸಾಮಾನ್ಯವಾಗಿ ಜನರಲ್ ಟ್ರೈನಿಂಗ್. ಬ್ರಿಟನ್ನಿಗೆ ಹೋಗುವ ನರ್ಸುಗಳು ಐಇಎಲ್‌ಟಿಎಸ್‌ನಲ್ಲಿ 7 (ಬರವಣಿಗೆಯಲ್ಲಿ 6.5) ಪಡೆಯಬೇಕು, ಇಲ್ಲವೇ ಆಸ್ಪತ್ರೆಯ ಸನ್ನಿವೇಶಗಳ ಮೇಲೆಯೇ ನಡೆಯುವ ಒಇಟಿ ಪರೀಕ್ಷೆ ಬರೆಯಬಹುದು. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಒಇಟಿಯ ವಿಷಯ ಹೆಚ್ಚು ಪರಿಚಿತ.

ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ನಡುವೆ ಒಂದು ಚೀಟಿ ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ‘ನಿಮಗಿಷ್ಟವಾದ ಸ್ಥಳ’ ಎಂದರೆ ಬಾಯಿಪಾಠ ಮಾಡಿದ ತಾಜಮಹಲು ಬೇಡ. ಕಂಠಪಾಠದ ಉತ್ತರವನ್ನು ಪರೀಕ್ಷಕರು ಸುಲಭವಾಗಿ ಗುರುತಿಸುತ್ತಾರೆ. ತರೀಕೆರೆಯವರು ಅಮೃತಾಪುರದ ಹೊಯ್ಸಳ ದೇವಾಲಯವನ್ನು, ಕಡೂರಿನವರು ಅಯ್ಯನಕೆರೆಯನ್ನು, ಅಜ್ಜಂಪುರದವರು ಅಮೃತಮಹಲ್ ದನಗಳನ್ನು ಹೇಳಲಿ. ಕೆರೆ ಕೋಡಿ ಬಿದ್ದಾಗ ಊರು ಏನು ಮಾಡುತ್ತದೆ, ಆ ದನಗಳ ಕೊಂಬು ಹೇಗಿರುತ್ತದೆ ಎಂಬುದು ಕಣ್ಣಾರೆ ಕಂಡದ್ದಾದರೆ ಮಾತು ಮುಂದೆ ಹೋಗುತ್ತದೆ, ಮರುಪ್ರಶ್ನೆಗೂ ಉತ್ತರ ಸಿಗುತ್ತದೆ.

ಹತ್ತಿರದಲ್ಲಿ ಏನಿದೆ

ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇದೆ. ಶಾಲಾ ಶಿಕ್ಷಕರಿಗೆ ಅದು ನಡೆಸುತ್ತ ಬಂದಿರುವ 30 ದಿನಗಳ ತರಬೇತಿ ನಮ್ಮ ರಾಜ್ಯದ ತೀವ್ರ ಕಲಿಕೆಗೆ ಒಳ್ಳೆಯ ನಿದರ್ಶನ. ಅಲ್ಲಿ ತರಬೇತಿ ಪಡೆದ ಮೇಷ್ಟ್ರು ನಿಮ್ಮ ಊರಲ್ಲೇ ಇರಬಹುದು. ವಿಚಾರಿಸಿ, ಸಂಜೆಯ ಹೊತ್ತು ಮಾತಿಗೆ ಕೂರಿ. ತರೀಕೆರೆಗೆ ಸಮೀಪದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ವಿಭಾಗವಿದೆ.

ಬೀರೂರು ಅಥವಾ ಕಡೂರಿನಲ್ಲಿ ರೈಲು ಹತ್ತಿದರೆ ಬೆಂಗಳೂರು ಸುಮಾರು ಮೂರು ಗಂಟೆಯ ದಾರಿ. ಅದಕ್ಕೇ ಹಲವರು ಮೊದಲ ದಿನದಿಂದಲೇ ಅಲ್ಲಿ ಪಿಜಿ ಹಿಡಿಯುತ್ತಾರೆ. ಆದರೆ ಅದರ ಅಗತ್ಯವಿಲ್ಲ: ಬಿ1ರಿಂದ ಬಿ2ಗೆ ಬೇಕಾದ 200 ಗಂಟೆಯಲ್ಲಿ ಬಹುಪಾಲನ್ನು ಮನೆಯಲ್ಲೇ, ಇಬ್ಬರು ಮೂವರು ಜತೆಗೂಡಿ ಕಳೆಯಬಹುದು. ಪರೀಕ್ಷೆಯ ಪಟ್ಟು ಕಲಿಯಲು ಕೊನೆಯ ಮೂರು ನಾಲ್ಕು ವಾರ ನಗರದಲ್ಲಿದ್ದರೆ ಸಾಕು. ಫಲಿತಾಂಶಕ್ಕೆ ಎರಡೇ ವರ್ಷ ಆಯಸ್ಸು, ಆದ್ದರಿಂದ ಪ್ರವೇಶದ ದಿನಾಂಕ ನೋಡಿಕೊಂಡು ಬರೆಯಿರಿ. ಕಂಪ್ಯೂಟರಿನಲ್ಲಿ ಐಇಎಲ್‌ಟಿಎಸ್ ಬರೆದವರು ಒಂದು ಭಾಗದಲ್ಲಿ ಮಾತ್ರ ಹಿಂದೆ ಬಿದ್ದಿದ್ದರೆ ಅದೊಂದನ್ನೇ ಮತ್ತೆ ಬರೆಯಲು ಅವಕಾಶವಿದೆ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಇದನ್ನು ಒಪ್ಪುವುದಿಲ್ಲ. ಅರ್ಜಿ ಹಾಕುವ ಕಡೆ ಮೊದಲೇ ಕೇಳಿ ತಿಳಿಯಬೇಕು.