ರಣರಂಗದಲ್ಲಿ ಸಿಪಾಯಿಯನ್ನು ಹುಡುಕಿದವರು

ಶಾಲೆಯಲ್ಲಿ ನಾವೆಲ್ಲ ಪಾಣಿಪತ್ ಕದನಗಳನ್ನು ಬಾಯಿಪಾಠ ಮಾಡಿದವರೇ. 1526, 1556, 1761. ಗೆದ್ದವರು ಯಾರು, ಸೋತವರು ಯಾರು ಎಂದು ಬರೆದರೆ ಅಂಕ ಸಿಗುತ್ತಿತ್ತು. ಆ ಮೈದಾನದಲ್ಲಿ ನಿಂತಿದ್ದ ಸಾಮಾನ್ಯ ಸಿಪಾಯಿಗೆ ಏನಾಯಿತು? ಅವನಿಗೆ ಭಯವಾಗಲಿಲ್ಲವೇ, ಬಾಯಾರಲಿಲ್ಲವೇ? ಮೇಷ್ಟ್ರು ಕೇಳಲಿಲ್ಲ, ನಾವೂ ಕೇಳಲಿಲ್ಲ.

ತಮ್ಮ ದೇಶದ ಸೈನ್ಯ ಕಾದಿದ ಕದನಗಳ ಬಗ್ಗೆ ಇದೇ ಪ್ರಶ್ನೆ ಎತ್ತಿದವರು ಇಂಗ್ಲೆಂಡಿನ ಇತಿಹಾಸಕಾರ ಜಾನ್ ಕೀಗನ್. 1934ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿಯೇ ಮೂಳೆ ಕ್ಷಯ ತಗುಲಿತು. ಕಾಲು ಕುಂಟಾಯಿತು. ಸೈನಿಕರಾಗುವ ಬಾಗಿಲು ಮುಚ್ಚಿತು. ಆದರೂ 1960ರಿಂದ 26 ವರ್ಷಗಳ ಕಾಲ ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿಯಲ್ಲಿ, ನಾಳೆ ಸೈನ್ಯ ನಡೆಸಬೇಕಾದ ಹುಡುಗರಿಗೆ ಅವರು ಯುದ್ಧದ ಇತಿಹಾಸ ಕಲಿಸಿದರು.

1976ರಲ್ಲಿ ಬಂದ 'ದಿ ಫೇಸ್ ಆಫ್ ಬ್ಯಾಟಲ್' ಕೃತಿ, ತಾನು ಯುದ್ಧ ಕಂಡವನಲ್ಲ ಎಂಬ ಒಪ್ಪಿಗೆಯಿಂದಲೇ ಆರಂಭವಾಗುತ್ತದೆ. 1415ರ ಅಜಿನ್‌ಕೋರ್ಟ್, 1815ರ ವಾಟರ್ಲೂ, 1916ರ ಸೋಮ್ ಎಂಬ ಮೂರು ಕದನಗಳು ಅಲ್ಲಿವೆ. ಸೇನಾಪತಿಯ ನಕ್ಷೆಯನ್ನು ಬದಿಗಿಟ್ಟು ಕೀಗನ್ ಕೆಸರಿಗೆ ಇಳಿಯುತ್ತಾರೆ. ಹಿಂದಿನವರ ನೂಕಾಟಕ್ಕೆ ಮುಂದಿನವರು ಮುಗ್ಗರಿಸಿ ಬೀಳುವುದು, ಹೊಗೆಯಲ್ಲಿ ಏನೂ ಕಾಣದಿರುವುದು, ಗಾಯಾಳುಗಳ ಪಾಡು, ಓಡಿಹೋಗದೆ ನಿಂತವನನ್ನು ಹಿಡಿದು ನಿಲ್ಲಿಸಿದ್ದು ಏನು ಎಂಬುದು, ಇವೇ ಅವರ ವಿಷಯ. ಸೋಮ್ ಕದನದ ಮೊದಲ ದಿನವೇ 19,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಅಂಕಿಯ ಹಿಂದಿನ ಮನುಷ್ಯನನ್ನು ಅವರು ನಮ್ಮೆದುರು ತಂದು ನಿಲ್ಲಿಸಿದರು.

1993ರ 'ಎ ಹಿಸ್ಟರಿ ಆಫ್ ವಾರ್‌ಫೇರ್' ಕೃತಿಯಲ್ಲಿ, ಯುದ್ಧವೆಂದರೆ ಕೇವಲ ರಾಜಕೀಯವಲ್ಲ, ಅದು ಆಯಾ ಸಮಾಜದ ಸಂಸ್ಕೃತಿಯೂ ಹೌದು ಎಂದು ವಾದಿಸಿದರು. ಕುದುರೆ ಸವಾರಿಯ ಹೆಮ್ಮೆಯಲ್ಲಿ ಬಂದೂಕನ್ನು ಕೀಳಾಗಿ ಕಂಡು, 1517ರಲ್ಲಿ ಉಸ್ಮಾನಿ ತುರ್ಕರಿಗೆ ರಾಜ್ಯವನ್ನೇ ಕಳೆದುಕೊಂಡ ಈಜಿಪ್ಟಿನ ಮಮ್ಲೂಕರು ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು.

ಇಷ್ಟು ಬಲ್ಲವರು 2003ರಲ್ಲಿ ಇರಾಕ್ ಮೇಲಿನ ದಾಳಿಯನ್ನು ಬೆಂಬಲಿಸಿದರು. ಆಗ ಅವರು ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ರಕ್ಷಣಾ ಬರಹಗಾರರು. ಮರುವರ್ಷ ಆ ಯುದ್ಧದ ಬಗ್ಗೆ ಪುಸ್ತಕವನ್ನೂ ಬರೆದರು. ದಾಳಿಗೆ ನೆಪವಾಗಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಗಲೇ ಇಲ್ಲ. ಹೆಣಗಳು ಮಾತ್ರ ಸಿಕ್ಕವು.

ಕೀಗನ್ 2012ರಲ್ಲಿ ತೀರಿಕೊಂಡರು. ಅವರನ್ನು ಓದದೆ ಬಿಡುವುದು ನಮಗೇ ನಷ್ಟ. ಆದರೆ ಓದುವಾಗ ಅವರೇ ಕಲಿಸಿದ ಪ್ರಶ್ನೆಯನ್ನು ಕೈಬಿಡಬಾರದು: ನಕ್ಷೆಯ ಮೇಲೆ ಬಾಣದ ಗುರುತು ಹಾಯ್ದುಹೋದ ಜಾಗದಲ್ಲಿ ಯಾರ ಮನೆಯಿತ್ತು?