ಪಾವಗಡ ಸೌರ ವಿದ್ಯುತ್ ಉದ್ಯಾನ ಮತ್ತು ಜಮೀನು ಗುತ್ತಿಗೆ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿರುವ ಸೌರ ವಿದ್ಯುತ್ ಉದ್ಯಾನವು 2,050 ಮೆಗಾವ್ಯಾಟ್ ಸಾಮರ್ಥ್ಯವನ್ನು ಹೊಂದಿದ್ದು, ದೇಶದ ಬೃಹತ್ ಸೌರ ಉದ್ಯಾನಗಳಲ್ಲಿ ಒಂದಾಗಿರುತ್ತದೆ. ತಿರುಮಣಿ, ವಳ್ಳೂರು, ರಾಯಚೆರ್ಲು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಪ್ರದೇಶದಲ್ಲಿ ಇದು ಹರಡಿಕೊಂಡಿದೆ. ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ 2010ರ ಸುಮಾರಿಗೆ ಕರ್ನಾಟಕ ವಿದ್ಯುತ್ ನಿಗಮವು ಆರಂಭಿಸಿದ ಘಟಕದ ಸಾಮರ್ಥ್ಯ ಕೇವಲ 3 ಮೆಗಾವ್ಯಾಟ್ ಆಗಿತ್ತು ಎಂಬುದನ್ನು ಗಮನಿಸಿದಲ್ಲಿ, ಒಂದು ದಶಕದ ಬೆಳವಣಿಗೆಯು ವೇದ್ಯವಾಗುತ್ತದೆ.

ರಾಜ್ಯ ಮತ್ತು ಕೇಂದ್ರ ಸರ್ಕಾರದ ಸಂಸ್ಥೆಗಳು ಕೂಡಿ 2015ರಲ್ಲಿ ರಚಿಸಿದ ಕಂಪನಿಯು ಉದ್ಯಾನದ ಜಮೀನು, ರಸ್ತೆ ಹಾಗೂ ಉಪಕೇಂದ್ರಗಳನ್ನು ಒದಗಿಸಿರುತ್ತದೆ. ವಿದ್ಯುತ್ ಉತ್ಪಾದಕರನ್ನು ಟೆಂಡರ್ ಮೂಲಕ ಆಯ್ಕೆ ಮಾಡಲಾಗಿದೆ. 2018ರ ಮಾರ್ಚ್ ತಿಂಗಳಿನಲ್ಲಿ ಮೊದಲ ಹಂತವು ಉದ್ಘಾಟನೆಗೊಂಡು, 2019ರ ಅಂತ್ಯಕ್ಕೆ ಪೂರ್ಣ ಸಾಮರ್ಥ್ಯವನ್ನು ತಲುಪಿತು.

ಪಾವಗಡವು ಪದೇಪದೇ ಬರಪೀಡಿತವೆಂದು ಘೋಷಿತವಾಗಿರುವ ತಾಲ್ಲೂಕು. ಮಳೆಯಾಶ್ರಿತ ಶೇಂಗಾ ಬೆಳೆ ಕೈಕೊಡುವುದು, ಕೊಳವೆಬಾವಿ ಬತ್ತುವುದು ಇಲ್ಲಿ ಹೊಸ ಸಂಗತಿಯಲ್ಲ. ಬೆಳೆಗೆ ಮುಳುವಾದ ಬಿಸಿಲೇ ಇಲ್ಲಿ ವಿದ್ಯುತ್ತಿನ ಮೂಲವಾಗಿದೆ. ಆದರೆ ಈ ಯೋಜನೆಯ ವಿಶೇಷವಿರುವುದು ಬಿಸಿಲಿನಲ್ಲಲ್ಲ, ಜಮೀನನ್ನು ಪಡೆದ ಕ್ರಮದಲ್ಲಿ. ಭೂಸ್ವಾಧೀನಕ್ಕೆ ಬದಲಾಗಿ ದೀರ್ಘಾವಧಿ ಗುತ್ತಿಗೆ ಪದ್ಧತಿಯನ್ನು ಅನುಸರಿಸಲಾಗಿದ್ದು, ಮಾಲೀಕತ್ವವು ರೈತರಲ್ಲಿಯೇ ಉಳಿದಿರುತ್ತದೆ. ಆರಂಭದ ಬಾಡಿಗೆಯು ಎಕರೆಗೆ ವಾರ್ಷಿಕ ರೂ. 21,000 ಆಗಿದ್ದು, ಪ್ರತಿ ಎರಡು ವರ್ಷಗಳಿಗೊಮ್ಮೆ ಶೇ. 5ರಷ್ಟು ಹೆಚ್ಚಳಕ್ಕೆ ಅವಕಾಶ ಕಲ್ಪಿಸಲಾಗಿದೆ. ಅಂದರೆ ಮೂರನೆಯ ವರ್ಷಕ್ಕೆ ರೂ. 22,050, ಐದನೆಯ ವರ್ಷಕ್ಕೆ ಸುಮಾರು ರೂ. 23,150. ವಾರ್ಷಿಕ ಲೆಕ್ಕದಲ್ಲಿ ಈ ಏರಿಕೆ ಶೇ. 2.5ಕ್ಕಿಂತ ಕಡಿಮೆ. ಸಾಮಾನ್ಯ ಬೆಲೆ ಏರಿಕೆಯು ಇದನ್ನು ಮೀರಿದಲ್ಲಿ ಬಾಡಿಗೆಯ ನೈಜ ಮೌಲ್ಯವು ಕುಗ್ಗುತ್ತದೆ. ಇಂತಹ ಕರಾರಿಗೆ ಮುಂದಾಗುವ ಇತರೆ ಜಿಲ್ಲೆಗಳ ರೈತರು ಮೊದಲ ವರ್ಷದ ಮೊತ್ತವನ್ನು ಮಾತ್ರ ನೋಡದೆ, ಹೆಚ್ಚಳದ ಪ್ರಮಾಣವನ್ನೂ ಪರಿಶೀಲಿಸತಕ್ಕದ್ದು.

ಬಾಡಿಗೆಯು ಸಾಗುವಳಿದಾರರಿಗಲ್ಲ, ದಾಖಲೆಯಲ್ಲಿರುವ ಹಕ್ಕುದಾರರಿಗೆ ಸಂದಾಯವಾಗುತ್ತದೆ. ಪಹಣಿಯು ಇಂದಿಗೂ ಮೃತ ತಂದೆ ಅಥವಾ ಅಜ್ಜನ ಹೆಸರಿನಲ್ಲಿರುವ ಕುಟುಂಬಗಳು ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ, ಪೌತಿ ಖಾತೆ ಮಾಡಿಸಿಕೊಳ್ಳುವುದು ಅವಶ್ಯಕ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಕೈಬಿಡುವ ರೂಢಿ ಕೆಲವೆಡೆ ಇದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೆ ಗಂಡುಮಕ್ಕಳಷ್ಟೇ ಹಕ್ಕಿರುವುದರಿಂದ, ಹೀಗೆ ಕೈಬಿಟ್ಟ ದಾಖಲೆಯು ವ್ಯಾಜ್ಯಕ್ಕೆ ಎಡೆಮಾಡಿಕೊಡುತ್ತದೆ; ವ್ಯಾಜ್ಯ ಮುಗಿಯುವವರೆಗೆ ಬಾಡಿಗೆಯೂ ತಡೆಹಿಡಿಯಲ್ಪಡುವ ಸಂಭವವಿರುತ್ತದೆ. ಜಂಟಿ ಖಾತೆಯಲ್ಲಿ ಎಲ್ಲಾ ಹಿಸ್ಸೇದಾರರ ಒಪ್ಪಿಗೆ ಪಡೆಯುವುದು ಸೂಕ್ತ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನುಗಳಿಗೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅನ್ವಯಿಸುತ್ತದೆ. ಸದರಿ ಕಾಯ್ದೆಯಲ್ಲಿ ವರ್ಗಾವಣೆ ಎಂಬ ಪದವು ಗುತ್ತಿಗೆಯನ್ನೂ ಒಳಗೊಂಡಿರುವುದರಿಂದ ಸರ್ಕಾರದ ಪೂರ್ವಾನುಮತಿ ಅಗತ್ಯವಾಗಿರುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆ ಪತ್ರದ ನೋಂದಣಿಯು ಕಡ್ಡಾಯ. ಛಾಪಾ ಕಾಗದದ ಮೇಲೆ ಬರೆದು ಸಾಕ್ಷಿಗಳ ಸಹಿ ಹಾಕಿಸಿದ ಮಾತ್ರಕ್ಕೆ ಅದು ನೋಂದಣಿಯಾದಂತಾಗುವುದಿಲ್ಲ.

ಭೂರಹಿತರ ಪರಿಸ್ಥಿತಿ ಭಿನ್ನವಾದುದು. ಜಮೀನಿಲ್ಲದ ಕೃಷಿ ಕಾರ್ಮಿಕರಿಗೆ ಹಾಗೂ ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯಲ್ಲಿ ಪಾಲಿರುವುದಿಲ್ಲ. ಬೇಲಿಯೊಳಗೆ ಹೋದ ಜಮೀನಿನಲ್ಲಿ ಅವರ ಕೂಲಿಯೂ ಮೇವೂ ನಿಂತುಹೋಗಿವೆ. ಫಲಕಗಳನ್ನು ಶುಚಿಗೊಳಿಸುವುದು, ಹುಲ್ಲು ತೆಗೆಯುವುದು, ಕಾವಲು ಮುಂತಾದ ಕೆಲಸಗಳು ಸ್ಥಳೀಯರಿಗೆ ದೊರೆತಿವೆಯಾದರೂ, ಘಟಕ ನಿರ್ಮಾಣ ಕಾಲದಲ್ಲಿದ್ದಷ್ಟು ಜನರ ಅಗತ್ಯ ನಿರ್ವಹಣೆಗೆ ಬೀಳುವುದಿಲ್ಲ. ಕರಾರಿನ ಮಾತುಕತೆ ನಡೆಯುವಾಗ ಇವರ ಪರವಾಗಿ ಸಹಿ ಹಾಕುವವರು ಯಾರೂ ಇಲ್ಲದಿರುವುದರಿಂದ, ಉದ್ಯೋಗದ ವಿಷಯವನ್ನು ಗ್ರಾಮಸಭೆಯಲ್ಲಿ ಮಂಡಿಸಿ ನಡವಳಿಯಲ್ಲಿ ದಾಖಲಿಸಿಕೊಳ್ಳುವುದು ಒಳ್ಳೆಯದು.