ದಂಡು ಹಿಂದಿರುಗಿದ ಮೇಲೆ

2021ರ ಆಗಸ್ಟ್ ತಿಂಗಳ ಕೊನೆಯಲ್ಲಿ ಅಮೆರಿಕದ ಸೈನ್ಯ ಕಾಬೂಲಿನಿಂದ ಹೊರಟುಹೋದಾಗ, ನಮ್ಮ ಕಛೇರಿಯಲ್ಲಿ ಊಟದ ಹೊತ್ತಿಗೆ ಒಂದು ವಾರ ಅದೇ ಮಾತು. 1989ರ ಫೆಬ್ರವರಿಯಲ್ಲಿ ರಷ್ಯದವರು ಅದೇ ದೇಶವನ್ನು ಬಿಟ್ಟು ಹೋದದ್ದನ್ನು ನೆನಪಿಸಿಕೊಂಡ ಹಿರಿಯರೂ ಇದ್ದರು. "ಪರಸೈನ್ಯ ತೊಲಗಿತಲ್ಲ, ಇನ್ನು ದೇಶ ತಾನಾಗಿ ಚೇತರಿಸಿಕೊಳ್ಳುತ್ತದೆ" ಎಂದು ಒಬ್ಬರು ತೀರ್ಪು ಕೊಟ್ಟೇಬಿಟ್ಟರು. ನಾನು ಡಬ್ಬಿಯ ಚಿತ್ರಾನ್ನ ತಿನ್ನುತ್ತ ಸುಮ್ಮನೆ ಕುಳಿತಿದ್ದೆ. ನನ್ನ ಮನಸ್ಸಿಗೆ ಬಂದದ್ದು ಕಾಬೂಲಲ್ಲ, ನಮ್ಮ ಶ್ರೀರಂಗಪಟ್ಟಣ.

ನಾನು ಇತಿಹಾಸ ಓದಿದವನಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರ್ಕಾರದ ಗುಮಾಸ್ತನಾಗಿ ಈ ಫರೀದಾಬಾದಿಗೆ ಬಂದವನು. ಆದರೆ ಹುಟ್ಟಿದ್ದು ಪಾಂಡವಪುರದ ಕಡೆ. ಹಿರೋಡೆ ಎಂಬ ಹೆಸರಿದ್ದ ಆ ಊರಿಗೆ, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂಬ ಇನ್ನೊಂದು ಹೆಸರು ಬಂದು ಬಹುಕಾಲ ಅಂಟಿಕೊಂಡಿತ್ತು. ಸೈನ್ಯ ಹೋದರೂ ಹೆಸರು ಹೋಗದೆ ಉಳಿಯುವ ಸಂಗತಿ ನಮಗೆ ಹುಟ್ಟಿನಿಂದಲೇ ಪರಿಚಿತ. ಮೂರನೆಯ ಮೈಸೂರು ಯುದ್ಧವೆಂದು ಶಾಲೆಯಲ್ಲಿ ಎರಡು ಪುಟದಲ್ಲಿ ಮುಗಿಸಿದ ಪಾಠವನ್ನು, ಲೆಕ್ಕಪತ್ರ ನೋಡುವ ಕಣ್ಣಿನಿಂದ ಮತ್ತೊಮ್ಮೆ ಓದಿದಾಗ ನನಗೆ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

1791ರ ಮಾರ್ಚ್ 21ರಂದು ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರು ಕೋಟೆಯನ್ನು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದು, ಅರಕೆರೆಯ ಬಳಿ ಕಾದಾಡಿದ. ಆದರೆ ದಾರಿಯುದ್ದಕ್ಕೂ ಟಿಪ್ಪುವಿನ ಕುದುರೆ ದಂಡು ಹುಲ್ಲು, ಮೇವು, ಹಳ್ಳಿಗಳನ್ನೆಲ್ಲ ಸುಟ್ಟಿತ್ತು. ಎತ್ತುಗಳು ಸಾವಿರಗಟ್ಟಲೆ ಸತ್ತವು. ಸಿಪಾಯಿಗಳೇ ತೋಪಿನ ಗಾಡಿಗಳಿಗೆ ಹೆಗಲು ಕೊಡಬೇಕಾಯಿತು. ಕಡೆಗೆ ಕನ್ನಂಬಾಡಿಯ ಹತ್ತಿರ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿಹಾಕಿ ಕಾರ್ನ್‌ವಾಲಿಸ್ ಹಿಂದಿರುಗಿದ. ಆ ಸುಟ್ಟ ಹಳ್ಳಿಗಳು ಇಂಗ್ಲಿಷರವಲ್ಲ, ಸುಟ್ಟವರೂ ಇಂಗ್ಲಿಷರಲ್ಲ. ನಮ್ಮ ದೊರೆಯ ಸವಾರರು ನಮ್ಮ ರೈತನ ಬಣವೆಗೆ ಬೆಂಕಿಯಿಟ್ಟದ್ದು. ಯುದ್ಧನೀತಿಯಲ್ಲಿ ಅದು ಜಾಣತನವೇ ಇರಬಹುದು, ಬಣವೆಯ ಯಜಮಾನನನ್ನು ಕೇಳಿದವರು ಯಾರು? ಇತ್ತ ಅದೇ ವರ್ಷ, ಇಂಗ್ಲಿಷರ ಮಿತ್ರರಾದ ಮರಾಠರ ದಂಡಿನ ಜೊತೆ ಬಂದವರು ಶೃಂಗೇರಿ ಮಠವನ್ನೇ ಕೊಳ್ಳೆಹೊಡೆದರು. ಆ ಸಂಬಂಧವಾಗಿ ಟಿಪ್ಪು ಶೃಂಗೇರಿ ಸ್ವಾಮಿಗಳವರಿಗೆ ಬರೆದ ಕನ್ನಡ ಕಾಗದಗಳು 1916ರಲ್ಲಿ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದ ಸಂಗತಿ ವಾಚಕರು ಬಲ್ಲದ್ದೇ.

ಮಾರನೆಯ ವರ್ಷ ಫೆಬ್ರವರಿ 6ರ ರಾತ್ರಿ ಇಂಗ್ಲಿಷರು, ಮರಾಠರು, ನಿಜಾಮನವರು ಕೂಡಿ ಪಟ್ಟಣಕ್ಕೆ ಮುತ್ತಿಗೆ ಹಾಕಿದರು. ಹೈದರನ ಸಮಾಧಿಯಿರುವ ಲಾಲ್‌ಬಾಗಿನ ಸೈಪ್ರಸ್ ಮರಗಳನ್ನು ಮುತ್ತಿಗೆಯ ಕೆಲಸಕ್ಕಾಗಿ ಕಡಿದುಹಾಕಿದರು. ತಿಂಗಳೊಳಗೆ ಟಿಪ್ಪು ಸಂಧಿಗೆ ಒಪ್ಪಿದ.

ಈಗ ಲೆಕ್ಕಕ್ಕೆ ಬರೋಣ. ಟಿಪ್ಪುವಿನ ರಾಜ್ಯದ ಹುಟ್ಟುವಳಿ ವರ್ಷಕ್ಕೆ 2 ಕೋಟಿ 37 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದರು. ಅದರಲ್ಲಿ ಅರ್ಧ ಸೀಮೆಯನ್ನು ಮೂವರೂ ಸಮವಾಗಿ ಹಂಚಿಕೊಂಡರು. ಬಾರಾಮಹಲ್, ದಿಂಡಿಗಲ್, ಮಲಬಾರ್ ಇಂಗ್ಲಿಷರಿಗೆ. ತುಂಗಭದ್ರೆಯ ಉತ್ತರದ ಭಾಗ ಮರಾಠರಿಗೆ. ಕಡಪದ ಕಡೆಯದು ನಿಜಾಮನಿಗೆ. ಕೊಡಗನ್ನೂ ಇಂಗ್ಲಿಷರು ಕೇಳಿದಾಗ ಟಿಪ್ಪು ಕೆರಳಿ ಸಂಧಿಯೇ ಮುರಿದುಬೀಳುವುದರಲ್ಲಿತ್ತು. ಟಿಪ್ಪುವಿನ ಸೈನ್ಯದಿಂದ ಅನುಭವಿಸಿದ್ದ ಕೊಡವರಿಗಾದರೋ ಅದು ಬಿಡುಗಡೆ. ಇದಲ್ಲದೆ ಯುದ್ಧದ ಖರ್ಚೆಂದು 3 ಕೋಟಿ 30 ಲಕ್ಷ ರೂಪಾಯಿ: ಅರ್ಧ ತತ್‌ಕ್ಷಣ, ಉಳಿದರ್ಧ ನಾಲ್ಕು ನಾಲ್ಕು ತಿಂಗಳ ಮೂರು ಕಂತುಗಳಲ್ಲಿ. ಅಂದರೆ ಉಳಿದ ಅರ್ಧ ರಾಜ್ಯದ ಮೂರು ವರ್ಷದ ಹುಟ್ಟುವಳಿಗೆ ಸ್ವಲ್ಪವೇ ಕಡಿಮೆ. ನಮ್ಮ ಸಂಬಳಕ್ಕೆ ಹೋಲಿಸಿ ನೋಡಿ: ಸಂಬಳ ಅರ್ಧವಾದ ದಿನವೇ, ಮೂರು ವರ್ಷದ ಸಂಬಳದಷ್ಟು ಸಾಲ ತಲೆಯ ಮೇಲೆ ಬಿದ್ದಂತೆ.

ಸಾಲಕ್ಕೆ ಜಾಮೀನು ಬೇಡವೆ? ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಇಬ್ಬರು ಮಕ್ಕಳು, ಒಬ್ಬನಿಗೆ ಸುಮಾರು ಹತ್ತು ವರ್ಷ, ಇನ್ನೊಬ್ಬನಿಗೆ ಎಂಟು. ಫೆಬ್ರವರಿ 26ರಂದು ಆನೆಯ ಮೇಲೆ ಕೂಡಿಸಿ ಶತ್ರುವಿನ ಪಾಳೆಯಕ್ಕೆ ಕಳುಹಿಸಿದರು. ಕಾರ್ನ್‌ವಾಲಿಸ್ ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟನಂತೆ. ಇಂಗ್ಲಿಷ್ ಚಿತ್ರಕಾರರು ಆ ದೃಶ್ಯವನ್ನು ಎಷ್ಟು ಸಲ ಬರೆದರೆಂದರೆ, ಯುದ್ಧದಲ್ಲಿ ನಡೆದದ್ದು ಅದೊಂದೇ ಎನ್ನಿಸಬೇಕು. ನಮ್ಮಲ್ಲೂ ನಾಟಕಗಳಲ್ಲಿ ಆ ದೃಶ್ಯಕ್ಕೆ ಕಣ್ಣೀರು ಬಂದೇ ಬರುತ್ತದೆ. ಎಂಟು ವರ್ಷದ ಮಗನಿರುವ ಯಾವ ತಂದೆಗೆ ಬಾರದು? ಆದರೆ ಮಕ್ಕಳನ್ನು ಬಿಡಿಸಿಕೊಂಡ ಹಣ ಯಾರದು ಎಂಬುದನ್ನು ಯಾವ ನಾಟಕವೂ ಹೇಳಿದ್ದನ್ನು ನಾನು ಕಂಡಿಲ್ಲ.

ಅದನ್ನು ಬರೆದಿಟ್ಟವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಕರ್ನಲ್ ವಿಲ್ಕ್ಸ್. ಟಿಪ್ಪು 1 ಕೋಟಿ 10 ಲಕ್ಷವನ್ನು ಖಜಾನೆಯಿಂದ ಕೊಡುವುದು. 60 ಲಕ್ಷ ಸೈನ್ಯದವರು ನಜರಾಣೆಯಾಗಿ ಒಪ್ಪಿಸುವುದು. ಮಿಕ್ಕ 1 ಕೋಟಿ 60 ಲಕ್ಷ ಅಧಿಕಾರಿಗಳಿಂದ, ಪ್ರಜೆಗಳಿಂದ ಎತ್ತುವುದು ಎಂದು ತೀರ್ಮಾನವಾಯಿತಂತೆ. ನಜರಾಣೆಯೆಂದರೆ ಪ್ರೀತಿಯಿಂದ ಕೊಡುವ ಕಾಣಿಕೆ. ಅಮಲ್ದಾರನು ತನ್ನ ಪಾಲಿನ ಕಾಣಿಕೆಯನ್ನು ಎಲ್ಲಿಂದ ತರುತ್ತಾನೆಂಬುದು ಸರ್ಕಾರಿ ನೌಕರಿ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಲ್ಕ್ಸ್ ಕಂಪೆನಿಯ ಮನುಷ್ಯ, ಟಿಪ್ಪುವಿನ ಮೇಲೆ ಅವನಿಗೆ ಪ್ರೀತಿಯಿರಲಿಲ್ಲ. ಆದರೆ ಮೂರು ಬಾಬುಗಳನ್ನು ಕೂಡಿದರೆ ಮೊತ್ತ ಸರಿಯಾಗಿ 3 ಕೋಟಿ 30 ಲಕ್ಷವೇ ಆಗುತ್ತದೆ.

ಮಾರ್ಚ್ ತಿಂಗಳಲ್ಲಿ ಸಂಧಿಗೆ ಸಹಿಯಾಗಿ, ಮೂರು ದಂಡುಗಳೂ ಮೂರು ದಿಕ್ಕಿಗೆ ಹೊರಟವು. ಹಣ ಸಂದಿತು, 1794ರ ಮಾರ್ಚಿನಲ್ಲಿ ದೇವನಹಳ್ಳಿಯಲ್ಲಿ ಮಕ್ಕಳು ತಂದೆಯ ಕೈ ಸೇರಿದರು. ಊರಿಗೆ ಹೋಗುವಾಗ ನಾವೆಲ್ಲ ವಿಮಾನದಿಂದಿಳಿಯುವ ಅದೇ ದೇವನಹಳ್ಳಿ, ಟಿಪ್ಪು ಹುಟ್ಟಿದ ಊರು.

ಹಾಗಾದರೆ ಚೇತರಿಕೆ? ಟಿಪ್ಪು ಕೈಕಟ್ಟಿ ಕುಳಿತವನಲ್ಲ. 1793 ಮತ್ತು 1794ರಲ್ಲಿ ವ್ಯಾಪಾರಕ್ಕಾಗಿ ಕಾಯಿದೆಗಳನ್ನೇ ಬರೆಸಿದ. ರಾಜ್ಯದೊಳಗೂ ಹೊರಗೆ ಮಸ್ಕತ್, ಕಚ್ಛದಲ್ಲೂ ಸರ್ಕಾರದ ಕೋಠಿಗಳು; ಗಂಧ, ಮೆಣಸು ಸರ್ಕಾರದ ಕೈಯಲ್ಲಿ; ರೇಷ್ಮೆ ಹುಳು ಸಾಕಲು ಇಪ್ಪತ್ತೊಂದು ಠಾಣೆಗಳು. ಪ್ರಜೆಗಳು ಸರ್ಕಾರಿ ವ್ಯಾಪಾರದಲ್ಲಿ ಹಣ ತೊಡಗಿಸಬಹುದೆಂದೂ, ಐದರಿಂದ ಐನೂರು ರೂಪಾಯಿ ಇಟ್ಟವರಿಗೆ ನೂರಕ್ಕೆ ಐವತ್ತು ಲಾಭ, ಐದು ಸಾವಿರದವರೆಗೆ ಇಪ್ಪತ್ತೈದು, ಅದಕ್ಕೂ ಮೇಲ್ಪಟ್ಟರೆ ಹನ್ನೆರಡು ಎಂದೂ ನಿಯಮವಿತ್ತು. ಬಡವನಿಗೆ ಹೆಚ್ಚು, ಸಾಹುಕಾರನಿಗೆ ಕಡಿಮೆ! ಯಾವ ಬ್ಯಾಂಕು ಹೀಗೆ ಕೊಟ್ಟೀತು? 1797-98ರ ಸುಮಾರಿಗೆ ಕನ್ನಂಬಾಡಿಯಲ್ಲಿ, ಹಿಂದೆ ಇಂಗ್ಲಿಷರ ತೋಪುಗಳು ಒಡೆದುಬಿದ್ದ ಪ್ರದೇಶದಲ್ಲೇ, ಕಾವೇರಿಗೆ ಅಣೆಕಟ್ಟು ಕಟ್ಟಲು ಅಡಿಗಲ್ಲು ಹಾಕಿಸಿದ. ಈ ನೀರಿನಿಂದ ಹೊಸದಾಗಿ ಸಾಗುವಳಿ ಮಾಡಿದ ರೈತನಿಗೆ ಕಂದಾಯದಲ್ಲಿ ಕಾಲುಭಾಗ ಬಿಟ್ಟುಕೊಡುವುದೆಂದು ಆ ಪಾರಸಿ ಶಾಸನ ಹೇಳುತ್ತದೆ. ಕಟ್ಟೆ ಮೇಲೇಳಲಿಲ್ಲ. ನೂರು ವರ್ಷಕ್ಕೂ ಮಿಕ್ಕಿ ಕಾಲ ಕಳೆದು, ಕೃಷ್ಣರಾಜಸಾಗರದ ಕೆಲಸ ನಡೆದಾಗ ಆ ಕಲ್ಲು ಸಿಕ್ಕಿತು. ಈಗಲೂ ಅಲ್ಲಿ ನಿಲ್ಲಿಸಿದ್ದಾರೆ. ಬೃಂದಾವನದ ಕಾರಂಜಿ ನೋಡಲು ಓಡುವ ನಮ್ಮ ಮಕ್ಕಳಿಗೆ ಒಂದು ನಿಮಿಷ ಅದನ್ನೂ ತೋರಿಸಬೇಕು.

ಇನ್ನೊಂದು ಮುಖವೂ ಉಂಟು. 1800ರಲ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಕಂಪೆನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಕಂಡದ್ದು ಕೇಳಿದ್ದನ್ನು ಬರೆದ. ಬೆಂಗಳೂರಿನ ಪೇಟೆಯ ಬಗ್ಗೆ ಅವನು ಬರೆದದ್ದು ಮರೆಯುವಂಥದಲ್ಲ. ಮೊದಲು ಟಿಪ್ಪು ಆರ್ಕಾಟು, ಹೈದರಾಬಾದುಗಳ ಜೊತೆ ವ್ಯಾಪಾರ ನಿಲ್ಲಿಸಿ ವರ್ತಕರನ್ನು ಸೊರಗಿಸಿದ. ಆಮೇಲೆ ಕಾರ್ನ್‌ವಾಲಿಸನ ದಂಡು ಪೇಟೆಯನ್ನು ಲೂಟಿ ಮಾಡಿತು. ಇಂಗ್ಲಿಷರು ಹೋದ ಮೇಲೆ ಟಿಪ್ಪು ಅಭಯ ಕೊಟ್ಟು ಜನರನ್ನು ಮರಳಿ ಕರೆಸಿದ. ಉಳಿದುಬಳಿದ ಆಸ್ತಿಯೊಂದಿಗೆ ಅವರು ಬಂದು ಸೇರಿದೊಡನೆ, 'ನೀವು ಇಂಗ್ಲಿಷರಿಗೆ ಅನುಕೂಲವಾಗಿದ್ದವರು' ಎಂಬ ನೆಪದಿಂದ ದಂಡು ಸುತ್ತುಗಟ್ಟಿಸಿ ಹೆಂಗಸರ ಸಣ್ಣಪುಟ್ಟ ಒಡವೆಯವರೆಗೆ ಕಿತ್ತುಕೊಂಡ. ಬುಕಾನನ್ ಕೂಡ ಗೆದ್ದವರ ಪಕ್ಷದವನೇ ಎಂಬುದನ್ನು ನಾವು ಕಳೆದು ಓದಬೇಕು. ಆದರೆ ಪೇಟೆಯನ್ನು ಲೂಟಿ ಮಾಡಿದವರು ತನ್ನವರೇ ಎಂದೂ ಅವನು ಮುಚ್ಚಿಡದೆ ಬರೆದಿದ್ದಾನಾದ್ದರಿಂದ, ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸು ಬಾರದು.

ನಮ್ಮ ಬೀದಿಯಲ್ಲಿ ಬನ್ನೂವಿನಿಂದ ಬಂದ ಅಜ್ಜಿಯೊಬ್ಬರಿದ್ದಾರೆ. ನಮ್ಮ ಬನ್ನೂರಲ್ಲ, ವಾಯವ್ಯ ಗಡಿಯ ಬನ್ನೂ. ದೇಶವಿಭಜನೆಯ ನಂತರ ಅಲ್ಲಿಂದ ಬಂದ ನಿರಾಶ್ರಿತರಿಗಾಗಿಯೇ ಈ ಫರೀದಾಬಾದಿನ ಹೊಸ ನಗರ ಎದ್ದದ್ದು. ಇಟ್ಟಿಗೆ ಹೊತ್ತು ಮನೆ ಕಟ್ಟಿದವರೂ ಅವರೇ. ಬೆಂಗಳೂರು ಪೇಟೆಯ ಈ ಕಥೆಯನ್ನು ನನ್ನ ಹರಕು ಹಿಂದಿಯಲ್ಲಿ ಆಕೆಗೆ ಹೇಳಿದೆ. ಲೂಟಿಯ ಮಾತಿಗೆ ತಲೆಯಾಡಿಸುತ್ತಿದ್ದವರು, ಕರೆಸಿಕೊಂಡು ಒಡವೆ ಕಿತ್ತರೆಂದಾಗ ಮಾತ್ರ "ಮತ್ತೆ ಯಾಕೆ ಹೋದರು ಅವರು?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ.

1799ರ ಮೇ 4ರಂದು ಟಿಪ್ಪು ಹೋರಾಡುತ್ತ ಮಡಿದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ, ಪೂರ್ಣಯ್ಯನವರು ದಿವಾನರಾದರು. ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಮೇಲೆ ಬಂದು, ಹೈದರ್, ಟಿಪ್ಪು ಇಬ್ಬರ ಬಳಿಯೂ ಮಂತ್ರಿಯಾಗಿದ್ದವರು. ಗುಮಾಸ್ತರ ಕುಲಕ್ಕೆ ಇವರೇ ಭೂಷಣವೆಂದು ನನ್ನ ಅಭಿಮಾನ. ಬುಕಾನನ್ ಎಣಿಸಿದಾಗ ಶ್ರೀರಂಗಪಟ್ಟಣದಲ್ಲಿ ಉಳಿದಿದ್ದವರು ಸುಮಾರು 32 ಸಾವಿರ. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷವಿದ್ದರಂತೆ. ಬೆಂಗಳೂರಿಗೆ ಮಾತ್ರ ಎಲ್ಲ ದಿಕ್ಕಿನಿಂದ ಜನ ಹಿಂದಿರುಗಿ ಮಗ್ಗಗಳ ಸದ್ದು ಕೇಳತೊಡಗಿತ್ತು. ಟಿಪ್ಪು ಕೆಡವಿಸಿದ್ದ ಬೆಂಗಳೂರು ಕೋಟೆಯನ್ನು ಪೂರ್ಣಯ್ಯನವರು ಸರಿಪಡಿಸಿದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲುಕಂಬದ ಸೇತುವೆ ಕಟ್ಟಿಸಿ 1804ರಲ್ಲಿ ಅದಕ್ಕೆ ವೆಲ್ಲೆಸ್ಲಿಯ ಹೆಸರಿಟ್ಟರು. 1811ರಲ್ಲಿ ಅವರು ಅಧಿಕಾರ ಬಿಟ್ಟಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕಿ ಇತ್ತು.

ಇದನ್ನು ಚೇತರಿಕೆಯೆಂದೇ ಎಲ್ಲ ಪುಸ್ತಕಗಳೂ ಹೊಗಳುತ್ತವೆ. ನಾನೂ ಬಹಳ ದಿನ ಹಾಗೆಯೇ ತಿಳಿದಿದ್ದೆ. ಖರ್ಚಿನ ಬಾಬು ನೋಡಿದಾಗ ಮಾತ್ರ ಪೆನ್ನು ನಿಂತಿತು. ಈ ಸಲ ದಂಡು ಹಿಂದಿರುಗಲಿಲ್ಲ. 1799ರ ಒಪ್ಪಂದದ ಪ್ರಕಾರ ಕಂಪೆನಿಯ ಸೈನ್ಯ ಮೈಸೂರಿನಲ್ಲೇ ನಿಲ್ಲುವುದು, ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಕೊಡುವುದು. ಒಪ್ಪಂದದ ಪಟ್ಟಿಯಲ್ಲಿ ಹೊಸ ಮೈಸೂರಿನ ಹುಟ್ಟುವಳಿಯೆಂದು ಕಾಣಿಸಿದ್ದು ಸುಮಾರು 13 ಲಕ್ಷ 74 ಸಾವಿರ ಕಂಠೀರಾಯ ವರಹ. ರೂಪಾಯಿಗೆ ಅರ್ಧಕ್ಕಿಂತ ಮೇಲೆ ಸೈನ್ಯಕ್ಕೇ ಹೋಯಿತು. 1792ರಲ್ಲಿ ಕೊಟ್ಟದ್ದು ಭಾರಿ ಮೊತ್ತ, ಆದರೆ ಅದಕ್ಕೆ ಕೊನೆಯ ಕಂತು ಎಂಬುದಿತ್ತು. ಇದಕ್ಕೆ ಇರಲಿಲ್ಲ. ಪೂರ್ಣಯ್ಯನವರು ಇನಾಮು ಭೂಮಿಗಳನ್ನು ಹಿಡಿದು, ಕಂದಾಯ ಬಿಗಿಮಾಡಿ ಹಣ ಕೂಡಿಸಿದ್ದರ ಹಿಂದೆ ಈ ಪೊಗದಿಯ ಭಯ ಇರಲಿಲ್ಲವೆನ್ನಲಾಗದು. 1830-31ರಲ್ಲಿ ನಗರದ ಕಡೆ ರೈತರು ದಂಗೆಯೆದ್ದಾಗ, ಪೊಗದಿಗೆ ಅಪಾಯವಿದೆಯೆಂಬ ಕಾರಣವನ್ನೂ ಹೇಳಿ ಬೆಂಟಿಂಕ್ ರಾಜ್ಯವನ್ನೇ ವಹಿಸಿಕೊಂಡ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. 1876-78ರ ಬರದಿಂದ ರಾಜ್ಯ ಬಸವಳಿದಿದ್ದರಿಂದ ಏರಿಕೆಯನ್ನು ಕೆಲವು ವರ್ಷ ಮುಂದೂಡಿದ್ದೇ ದೊಡ್ಡ ದಯೆ. ಹೆಚ್ಚುವರಿ ಹತ್ತೂವರೆ ಲಕ್ಷ ಬಿಟ್ಟುಕೊಟ್ಟದ್ದು ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ.

ಆ ಸೈನ್ಯ ಶ್ರೀರಂಗಪಟ್ಟಣದ ಚಳಿಜ್ವರ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಕಡೆ ನೆಲೆಸಿತು. ಸುತ್ತ ಬೆಳೆದ ಊರಿಗೆ ನಮ್ಮ ಜನ ದಂಡು ಎಂದರು. ಅದು ಮೈಸೂರಿನ ಆಡಳಿತಕ್ಕೆ ಮರಳಿ ಸೇರಿದ್ದು 1947ರಲ್ಲಿ. ರಜೆಯಲ್ಲಿ ರೈಲಿನಲ್ಲಿ ಊರಿಗೆ ಹೋದಾಗ, ಎರಡು ರಾತ್ರಿಯ ಪ್ರಯಾಣದ ಕೊನೆಗೆ ನನ್ನ ಮಗ ಕಿಟಕಿಯಿಂದ ಕನ್ನಡದ ಫಲಕಗಳನ್ನು ಅಕ್ಷರ ಕೂಡಿಸಿ ಓದುತ್ತಾನೆ. "ಬೆಂಗಳೂರು ದಂಡು" ಎಂದು ಓದಿ, ದಂಡು ಎಂದರೇನಪ್ಪ, ಎಂದ. ಸೈನ್ಯ ಕಣೋ, ಎಂದೆ. ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ನೋಡಿ, ಎಲ್ಲಿ, ಎಂದು ಕೇಳಿದ.